ಗಣಿ ಗೋಪುರಗಳಿಗೆ ದಿಕ್ಕು ಯಾರು?

ಪಾರಂಪರಿಕ ತಾಣವೆಂದರೆ ಕೋಟೆ, ಬಂದರು, ಗುಡಿಗಳಷ್ಟೇ ನಮ್ಮ ಇಲಾಖೆಗಳ ಕಣ್ಣಿಗೆ ಬೀಳುವುದು. ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರು ಕೆಜಿಎಫ್ ಆ ಲೆಕ್ಕಕ್ಕೇ ಬಂದಂತಿಲ್ಲ.

1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಮಾರಿಕುಪ್ಪಂ ಸುತ್ತಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಬರೆದಿಟ್ಟ. ಗಣಿಯ ಚರಿತ್ರೆಯನ್ನು 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯಿಂದ ಶುರು ಮಾಡುವವರು ಈ ಹಳ್ಳಿಗರನ್ನು ಮರೆಯುತ್ತಾರೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಬಂದದ್ದು ಇಲ್ಲಿಗೆ. ರಾಜಧಾನಿ ಎಂದು ಬೀಗುವ ಬೆಂಗಳೂರು 1905ರವರೆಗೆ ಕಾಯಬೇಕಾಯಿತು! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. 1965ರಲ್ಲಿ ಅದೇ ಗಣಿಯೊಳಗೆ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು.

2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಉಳಿದದ್ದು ತುಕ್ಕು ಹಿಡಿದ ಗಣಿ ಗೋಪುರಗಳು, ಬ್ರಿಟಿಷರ ಬಂಗಲೆಗಳು, ಕಾರ್ಮಿಕರ ಇಕ್ಕಟ್ಟಿನ ಲೈನ್ ಮನೆಗಳು, ಗಾಳಿಗೆ ದೂಳೆಬ್ಬಿಸುವ ಸೈನೈಡ್ ದಿಬ್ಬಗಳು. ಬಂಗಲೆಗಳನ್ನಷ್ಟೇ ಚಂದಗೊಳಿಸಿ ಪ್ರವಾಸಿಗರಿಗೆ ತೋರಿಸುವ ಯೋಚನೆ ಬೇಡ. ಲೈನ್ ಮನೆಗಳೂ ಪಟ್ಟಿಯಲ್ಲಿರಲಿ. ಅಲ್ಲಿ ಈಗಲೂ ವಾಸಿಸುತ್ತಿರುವ ಕುಟುಂಬಗಳನ್ನು ಕೇಳಿಯೇ ಯೋಜನೆ ರೂಪುಗೊಳ್ಳಲಿ. ಪುರಾತತ್ತ್ವ ಇಲಾಖೆ ಮೊದಲು ಗೋಪುರಗಳ ಸಮೀಕ್ಷೆಗೆ ಇಳಿಯಬೇಕು, ಗುಜರಿ ಹರಾಜಿನ ಮಾತು ಏಳುವ ಮುನ್ನವೇ.