ಏಕತಾರಿ ಮತ್ತು ಗಿಟಾರು

ತತ್ತ್ವಪದಗಳನ್ನು ಗಿಟಾರು, ಡ್ರಮ್ಮುಗಳೊಂದಿಗೆ ಹಾಡುವುದು ಸಂತರಿಗೆ ಬಗೆದ ಅಪಚಾರವಲ್ಲವೇ ಎಂದು ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ದೂರವಾಣಿಯಲ್ಲಿ ಕೇಳಿದ. ನಮ್ಮ ಬಂಧುಗಳಲ್ಲಿಯೂ ಕೆಲವರು ಇದೇ ಮಾತನ್ನು ಆಡುವುದುಂಟು. ನನ್ನ ಅಭಿಪ್ರಾಯ ಬೇರೆ.

ಪ್ರಶ್ನೆಗೆ ಕಾರಣವಾದದ್ದು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡ. ಅದು 2008ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿವೆ. ಗುಡುಗುಡಿ ಸೇದುವುದನ್ನೂ ಮನೆಯ ಮಾಳಿಗೆ ಸೋರುವುದನ್ನೂ ಅಧ್ಯಾತ್ಮದ ರೂಪಕವಾಗಿಸಿದ ಆ ಪದಗಳನ್ನು ಅವರು ರಾಕ್ ಸಂಗೀತದೊಡನೆ ಬೆಸೆದರು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿಯೂ ಹಾಡಿದರು.

ಇಂಥ ಬೆರಕೆ ನಮ್ಮಲ್ಲಿ ಮಾತ್ರ ನಡೆದುದಲ್ಲ. ಲಂಡನ್ನಿನ ಪೋಗ್ಸ್ ತಂಡ 1980ರ ದಶಕದಲ್ಲಿ ಐರಿಶ್ ಜನಪದ ಗೀತೆಗಳನ್ನು ಪಂಕ್ ಎಂಬ ಅಬ್ಬರದ ಸಂಗೀತದೊಂದಿಗೆ ಸೇರಿಸಿತು. ನ್ಯೂಯಾರ್ಕಿನ ಗೊಗೊಲ್ ಬೊರ್ಡೆಲೊ ತಂಡ ಪೂರ್ವ ಯುರೋಪಿನ ರೋಮಾ ಜನರ ಪಿಟೀಲು, ಅಕಾರ್ಡಿಯನ್‌ಗಳ ಸಂಗೀತವನ್ನು ಹಾಗೆಯೇ ಬಳಸಿಕೊಂಡಿತು. ತಾಯ್ನೆಲದಿಂದ ದೂರವಿದ್ದವರು ತಮ್ಮ ಹಾಡನ್ನು ಕಳೆದುಕೊಳ್ಳದಿರಲು ಕಂಡುಕೊಂಡ ದಾರಿ ಇದು.

ಬೆರಕೆಯನ್ನು ಹಳಿಯುವವರು ನಮ್ಮ ಸೀಮೆಯನ್ನೇ ಒಮ್ಮೆ ನೋಡಬೇಕು. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣೆಯ ದಡದಲ್ಲಿರುವ ಮೌನೇಶ್ವರರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕೊಡೇಕಲ್ಲ ಬಸವಣ್ಣನವರ ಪರಂಪರೆಯಲ್ಲಿ ಶರಣ, ಸೂಫಿ ಎಂಬ ಗೆರೆಯೇ ಅಳಿಸಿಹೋಗಿದೆ. ಯಾದಗಿರಿ, ಶಹಾಪುರದ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಕುಣಿತಕ್ಕೂ ರಿವಾಯತ ಪದಗಳಿಗೂ ಜಾತಿಮತಗಳ ಹಂಗಿಲ್ಲ. ಶರೀಫರಾದರೂ ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರಲ್ಲವೇ?

ವಾದ್ಯದ ಮಾತಿಗೆ ಬಂದರೆ, ನಮ್ಮ ಭಜನಾ ಮಂಡಳಿಗಳ ಹಾರ್ಮೋನಿಯಂ ಎಲ್ಲಿಯದು? ಪ್ಯಾರಿಸ್ಸಿನಲ್ಲಿ 1842ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಭಾರತಕ್ಕೆ ಬಂದ ಮೇಲೆ ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುತ್ತ ನುಡಿಸುವ ರೂಪ ತಾಳಿತು. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. 1971ರವರೆಗೆ ಆ ನಿಷೇಧ ಉಳಿಯಿತು. ಇಂದು ಹಾರ್ಮೋನಿಯಂ ಇಲ್ಲದ ಭಜನೆಯನ್ನು ಊಹಿಸುವುದೇ ಕಷ್ಟ. ಗಿಟಾರಿಗೂ ಅಷ್ಟು ಕಾಲಾವಕಾಶ ಕೊಡಬಾರದೇ?

ಹಾಗೆಂದು ಎಲ್ಲ ಬೆರಕೆಯನ್ನೂ ನಾನು ಒಪ್ಪುವವನಲ್ಲ. ತತ್ತ್ವಪದದ ಜೀವ ಇರುವುದು ಮಾತಿನಲ್ಲಿ. ಡ್ರಮ್ಮಿನ ಸದ್ದಿನಲ್ಲಿ ಮಾತು ಮುಳುಗಿದರೆ, ಪದಕಾರನ ಹೆಸರನ್ನೇ ಬಿಟ್ಟರೆ, ಹಾಡುವವನಿಗೇ ಅರ್ಥ ತಿಳಿಯದಿದ್ದರೆ ಉಳಿಯುವುದು ಬರಿಯ ಗದ್ದಲ. ಈ ದೋಷ ಏಕತಾರಿ ಹಿಡಿದವನಲ್ಲಿಯೂ ಇರಬಹುದು. ವಾದ್ಯವನ್ನು ನೋಡಿ ತೀರ್ಪು ಕೊಡುವುದು ಸರಿಯಲ್ಲ.

ನನಗಿರುವ ಆತಂಕವೇ ಬೇರೆ. ಶರೀಫರಿಗೆ ಸಿ. ಅಶ್ವತ್ಥರಂಥ ಗಾಯಕರು ದೊರೆತರು. 1990ರಲ್ಲಿ ನಾಗಾಭರಣರ ಚಲನಚಿತ್ರವೂ ಬಂದಿತು. ಆದ್ದರಿಂದಲೇ ಹೊಸ ತಲೆಮಾರಿನ ತಂಡಗಳ ಕಿವಿಗೂ ಆ ಪದಗಳು ಬಿದ್ದವು. ನಮ್ಮ ಭಾಗದ ಅನೇಕ ಪದಗಳಿಗೆ ಆ ಭಾಗ್ಯ ದೊರೆತಿಲ್ಲ. ಅವು ಅಮಾವಾಸ್ಯೆಯ ಭಜನೆಗಳಲ್ಲಿ ಹಾಡುವ ಹಿರಿಯರ ನಾಲಿಗೆಯ ಮೇಲಿವೆ. ಒಬ್ಬ ಹಾಡುಗಾರ ತೀರಿಕೊಂಡರೆ ಆತನೊಡನೆ ಹತ್ತಾರು ಪದಗಳೂ ಮಣ್ಣು ಸೇರುತ್ತವೆ. ಗಿಟಾರನ್ನು ಬೈಯುವ ನಮ್ಮಲ್ಲಿ ಎಷ್ಟು ಜನ ಆ ಭಜನೆಯ ಚಾಪೆಯ ಮೇಲೆ ಒಂದು ರಾತ್ರಿ ಕುಳಿತಿದ್ದೇವೆ?

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸಲ ಜಾತ್ರೆಗೆ ಊರಿಗೆ ಬಂದಾಗ ಹಿರಿಯರೊಬ್ಬರನ್ನು ಹುಡುಕಿ. ಅವರ ಒಪ್ಪಿಗೆ ಪಡೆದು ಒಂದೆರಡು ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಪದದ ಅಂಕಿತ, ಅವರೇ ಹೇಳಿದ ಅರ್ಥ, ಇಷ್ಟನ್ನು ಬರೆದಿಡಿ. ಆಮೇಲೆ ನಿಮ್ಮ ಮಕ್ಕಳು ಅದನ್ನು ಏಕತಾರಿಗೆ ಹಾಡಲಿ, ಗಿಟಾರಿಗೆ ಹಾಡಲಿ, ನನ್ನ ತಕರಾರಿಲ್ಲ.