ಹದಿನೇಳಕ್ಕೇ ಲೆಕ್ಕ ಮುಗಿಸಬೇಡಿ

ಕಳೆದ ವರ್ಷ ಯಾದಗಿರಿಯಲ್ಲಿ ನಡೆದ ಜಿಲ್ಲಾ ಮಟ್ಟದ ಥ್ರೋಬಾಲ್ ಪಂದ್ಯದಲ್ಲಿ ನಮ್ಮ ಕಾಲೇಜಿನ ಹುಡುಗಿಯರ ತಂಡ ಮೊದಲ ಸುತ್ತಿನಲ್ಲೇ ಸೋತಿತು. ನಾನೂ ಆ ತಂಡದಲ್ಲಿದ್ದೆ. ಶಹಾಪುರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮರುದಿನ ಎಲ್ಲರದ್ದೂ ಒಂದೇ ಮಾತು: "ಆಟ ಸಾಕು, ಇನ್ನು ಸೆಕೆಂಡ್ ಪಿಯುಸಿ ನೋಡ್ಕೊಳ್ರಿ." ಮನೆಯಲ್ಲಿ ಅಮ್ಮಿ ಅದನ್ನೇ ಉರ್ದುವಿನಲ್ಲಿ ಹೇಳಿದರು. ಅಂದಿನಿಂದ ನೆಟ್ ಸ್ಟೋರ್ ರೂಮಿನಲ್ಲಿದೆ.

ಸೋತವರ ಮಾತು ಬಂದಾಗಲೆಲ್ಲ ನನಗೆ ರೋಹನ್ ಬೋಪಣ್ಣ ನೆನಪಾಗುತ್ತಾರೆ. ಕೊಡಗಿನ ಈ ಟೆನಿಸ್ ಆಟಗಾರ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ 1 ಆದದ್ದು ಎಲ್ಲರಿಗೂ ಗೊತ್ತು. ಅವರ ಮೊದಲ ವರ್ಷಗಳು ಹೇಗಿದ್ದವೆಂದು ನೋಡಿದವರು ಕಡಿಮೆ.

ನಮ್ಮ ಪಕ್ಕದ ಹೈದರಾಬಾದಿನ ಸಾನಿಯಾ ಮಿರ್ಜಾ 2003ರಲ್ಲಿ ಹದಿನಾರನೇ ವಯಸ್ಸಿಗೇ ವಿಂಬಲ್ಡನ್ ಜೂನಿಯರ್ ಡಬಲ್ಸ್ ಗೆದ್ದರು. ವೃತ್ತಿಪರ ಆಟ ಶುರುಮಾಡಿದ್ದೂ ಅದೇ ವರ್ಷ. ಬೋಪಣ್ಣ ಕೂಡ ವೃತ್ತಿಪರರಾದದ್ದು 2003ರಲ್ಲೇ, ಆದರೆ ಆಗ ಅವರಿಗೆ 23. ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 213, ಅದೂ 2007ರಲ್ಲಿ. ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ ಆಡುವವರು 128 ಜನ ಮಾತ್ರ. ಮೊದಲ ಎಟಿಪಿ ಡಬಲ್ಸ್ ಪ್ರಶಸ್ತಿ ಬಂದದ್ದು 28ನೇ ವಯಸ್ಸಿಗೆ, ಮೊದಲ ಗ್ರ್ಯಾಂಡ್ ಸ್ಲಾಂ 37ಕ್ಕೆ, ಅದು ಫ್ರೆಂಚ್ ಓಪನ್ ಮಿಶ್ರ ಡಬಲ್ಸ್.

ಕಾಮರ್ಸ್ ವಿದ್ಯಾರ್ಥಿನಿಯಾಗಿ ನಾನು ಖರ್ಚನ್ನೂ ನೋಡಿದೆ. ಟೆನಿಸ್ ಆಟಗಾರನಿಗೆ ತಿಂಗಳ ಸಂಬಳವಿಲ್ಲ. ಪ್ರಯಾಣ, ರೂಮು, ಕೋಚ್ ಎಲ್ಲದರ ಹೊರೆ ಸಾಮಾನ್ಯವಾಗಿ ಅವನದೇ. 2023ರಲ್ಲಿ ನಮ್ಮ ಕಲಬುರಗಿಯಲ್ಲೇ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು. ಒಟ್ಟು ಬಹುಮಾನ 25,000 ಡಾಲರ್, ಅಂದರೆ ಸುಮಾರು 20 ಲಕ್ಷ ರೂಪಾಯಿ. ಅದನ್ನು ಸಿಂಗಲ್ಸ್, ಡಬಲ್ಸ್ ಆಡಿದವರೆಲ್ಲ ಹಂಚಿಕೊಳ್ಳಬೇಕು. ಸಿಂಗಲ್ಸ್‌ನಲ್ಲಿ ಮೊದಲ ಸುತ್ತಿಗೇ ಸೋತವನಿಗೆ ರ್‍ಯಾಂಕಿಂಗ್ ಪಾಯಿಂಟ್ ಒಂದೂ ಇಲ್ಲ. ಹೆಚ್ಚಿನ ಆಟಗಾರರ ಮೊದಲ ವರ್ಷಗಳು ಇಂಥ ಟೂರ್ನಿಗಳಲ್ಲೇ ಕಳೆಯುತ್ತವೆ.

"ಬೋಪಣ್ಣ ಅವರ ಮನೇಲಿ ಕಾಫಿ ತೋಟ ಇತ್ತು, ನಮ್ಮನೇಲಿ ಏನಿದೆ?" ಎಂದು ಭಾಯಿ ಕೇಳಿದ. ಸರಿಯಾದ ಪ್ರಶ್ನೆ. ಅಷ್ಟು ವರ್ಷ ಕಾಯುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ನಮ್ಮಲ್ಲಿ ಯಾರೂ ನಂಬರ್ 1 ಆಗದೇ ಇರಬಹುದು. ಆದರೆ ಹದಿನೇಳಕ್ಕೆ ಸೋತವರು ಮುಗಿದುಹೋದವರು ಎಂಬ ಲೆಕ್ಕ ತಪ್ಪು ಎನ್ನುವುದಕ್ಕೆ ತೋಟ ಬೇಕಿಲ್ಲ. ಒಂದು ವರ್ಷ ನಷ್ಟವಾಯಿತೆಂದು ಯಾವ ವ್ಯಾಪಾರಿಯೂ ಅಂಗಡಿಗೆ ಬೀಗ ಹಾಕುವುದಿಲ್ಲ.

ಇನ್ನೊಂದು ಮಾತು. ಹುಡುಗರು ಸೋತರೆ ಸಂಜೆಗೆ ಮತ್ತೆ ಮೈದಾನಕ್ಕೆ ಹೋಗುತ್ತಾರೆ. ನಮಗೆ ಕಾಲೇಜು ಬಿಟ್ಟರೆ ಆಡಲು ಬೇರೆ ಜಾಗವಿಲ್ಲ. ನೆಟ್ ಒಳಗೆ ಹೋದರೆ ನಮ್ಮ ಆಟ ಅಲ್ಲಿಗೇ ನಿಂತಿತು.

ಆದ್ದರಿಂದ ಪ್ರಿನ್ಸಿಪಾಲರಲ್ಲಿ ಸಣ್ಣದೊಂದು ಕೋರಿಕೆ. ವಾರಕ್ಕೆ ಎರಡು ದಿನ, ತರಗತಿ ಮುಗಿದ ಮೇಲೆ ಮುಕ್ಕಾಲು ಗಂಟೆ ಆಡಲು ಬಿಡಿ. ಮೇಡಂ ಒಬ್ಬರು ಜೊತೆಗಿರಲಿ. ಸುರಪುರದ ಬಸ್ಸು ಹಿಡಿಯುವವರಿಗೆ ತಡವಾಗದಂತೆ ನಾವೇ ನೋಡಿಕೊಳ್ಳುತ್ತೇವೆ. ಅಕೌಂಟೆನ್ಸಿಯಲ್ಲಿ ನಮ್ಮ ಅಂಕ ಇಳಿದರೆ, ನೆಟ್ಟನ್ನು ನಾವೇ ಬಿಚ್ಚಿ, ಮಡಚಿ, ಸ್ಟೋರ್ ರೂಮಿಗೆ ತಂದುಕೊಡುತ್ತೇವೆ.