ತಲೆ ಕಾಯದ ಹೆಲ್ಮೆಟ್

“ಇಲ್ಲದ ಟೊಪ್ಪಿಗಿಗೆ ಹೊತ್ತು, ರೊಕ್ಕ ಎರಡೂ ಸುರೀತಾವ ನೋಡ್ರಿ ಈ ಹುಡುಗೂರು. ತಲಿನೂ ಕಾಯಂಗಿಲ್ಲ, ಕೈಗೂ ಸಿಗಂಗಿಲ್ಲ!”

ಹುಬ್ಬಳ್ಳಿಯ ವಿದ್ಯಾನಗರದ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಹೀಗೆಂದಾಗ ಪಕ್ಕದ ಹುಡುಗ ತಲೆ ಎತ್ತಲಿಲ್ಲ. ಅವನ ಮೊಬೈಲಿನಲ್ಲಿ ಬಿಜಿಎಂಐ ಆಟ. ಪ್ರಚಾರಕ್ಕೆಂದು ಪುಕ್ಕಟೆ ಕೊಟ್ಟ ಹೆಲ್ಮೆಟ್ ಸ್ಕಿನ್, ಅಂದರೆ ಹೆಲ್ಮೆಟ್ಟಿನ ಮೇಲಿನ ಬಣ್ಣದ ಹೊದಿಕೆ, ಅವನ ಯೋಧನ ತಲೆ ಮೇಲೆ ಮಿರುಗುತ್ತಿತ್ತು. ಹಿರಿಯರು ಚಹಾ ಮುಗಿಸಿ, ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿದ್ದ ಅರ್ಧ ಹೆಲ್ಮೆಟ್ಟನ್ನು ಪಟ್ಟಿ ಬಿಗಿಯದೆ ತಲೆಗೆ ಕವುಚಿಕೊಂಡು ಹೊರಟರು. ಇಬ್ಬರಲ್ಲಿ ಯಾರದು ಅಲಂಕಾರದ ಹೆಲ್ಮೆಟ್?

ನನ್ನ ಮಟ್ಟಿಗೆ ಹಿರಿಯರದೇ. ಹುಡುಗನ ಸ್ಕಿನ್ ತಲೆ ಕಾಯುತ್ತೇನೆಂದು ಎಲ್ಲೂ ಹೇಳಿಲ್ಲ. ಆ ಆಟದಲ್ಲಿ ಮೂರನೇ ಲೆವೆಲ್ಲಿನ ಹೆಲ್ಮೆಟ್ ತಲೆಗೆ ಬೀಳುವ ಗುಂಡಿನ ಪೆಟ್ಟನ್ನು ಶೇ. 55ರಷ್ಟು ತಗ್ಗಿಸುತ್ತದೆ, ಸ್ಕಿನ್ ಅದಕ್ಕೆ ಎಳ್ಳಷ್ಟೂ ಸೇರಿಸುವುದಿಲ್ಲ. ಮೊದಲು ಕಾಯುವ ಹೆಲ್ಮೆಟ್ ಹುಡುಕಿ ತೊಡಬೇಕು, ಆಮೇಲೆ ಅದರ ಮೇಲೆ ಈ ಬಣ್ಣ ಏರುತ್ತದೆ. ಬೀದಿಯ ಅರ್ಧ ಹೆಲ್ಮೆಟ್ಟಿನ ಕಥೆ ತಿರುವುಮುರುವು. 2021ರ ಜೂನ್‌ನಿಂದ ದ್ವಿಚಕ್ರ ಸವಾರರಿಗೆ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ತೂಗುವ ಆ ಪ್ಲಾಸ್ಟಿಕ್ ಬೋಗುಣಿ ಕಾಯುವುದು ತಲೆಯನ್ನಲ್ಲ, ದಂಡದ ರೊಕ್ಕವನ್ನು.

ಇನ್ನು ಉಪಯೋಗದ ಮಾತು. ನಮ್ಮ ಮದುವೆಗಳಲ್ಲಿ ವರನ ಹಣೆಗೆ ಕಟ್ಟುವ ಬಾಸಿಂಗ ಬಿಸಿಲನ್ನೂ ತಡೆಯುವುದಿಲ್ಲ, ಮಳೆಯನ್ನೂ ತಡೆಯುವುದಿಲ್ಲ. ಒಂದು ದಿನದ ಬೆಡಗು. ಬಾಸಿಂಗ ಬೇಡ, ಆ ರೊಕ್ಕಕ್ಕೆ ಕೊಡೆ ತನ್ನಿ ಎಂದ ಬೀಗರನ್ನು ನಾನಂತೂ ಕಂಡಿಲ್ಲ. ಗೆಳೆಯರ ನಡುವೆ ಚೆಂದ ಕಾಣುವ ಆಸೆಗೆ ಮೊಬೈಲ್ ಬಂದ ಮೇಲೆ ಹುಚ್ಚೆಂದು ಹೆಸರಿಡುವುದು ಸೋಮಾರಿ ವಿಚಾರ.

ಆದರೆ ಒಂದು ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಪುಕ್ಕಟೆಯದು ಪುಕ್ಕಟೆಯಲ್ಲ. 2009ರಲ್ಲಿ ವಾಲ್ವ್ ಕಂಪನಿ ‘ಲೆಫ್ಟ್ 4 ಡೆಡ್ 2’ ಆಟವನ್ನು ಮುಂಗಡ ಕೊಂಡವರಿಗೆ ತನ್ನ ‘ಟೀಮ್ ಫೋರ್ಟ್ರೆಸ್ 2’ರಲ್ಲಿ ಬಿಲ್ ಎಂಬ ಪಾತ್ರದ ಟೊಪ್ಪಿಗೆ ಕೊಟ್ಟಿತು, ಟೊಪ್ಪಿಗೆ ಉಡುಗೊರೆ, ವ್ಯಾಪಾರ ಇನ್ನೊಂದು ಆಟದ್ದು. ಬಿಜಿಎಂಐಯಲ್ಲಿಯೂ ‘ಇನ್ನು ಮೂರೇ ದಿನ’ ಎಂದು ಹುಡುಗನನ್ನು ದಿನಾ ಒಳಗೆ ಕರೆಯುತ್ತಾರೆ. ಹಾಗೆ ಗಳಿಸಿದ್ದಾದರೂ ಅವನ ಸ್ವಂತವೇ? 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ ಅದೆಷ್ಟೋ ಹುಡುಗರ ಸ್ಕಿನ್ ಪೆಟ್ಟಿಗೆಗೆ ಬೀಗ ಬಿತ್ತು. 2021ರ ಜುಲೈನಲ್ಲಿ ಅದರ ಜಾಗಕ್ಕೆ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಆಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇನಲ್ಲಿ ಮರಳಿತು. ಮದುವೆಯ ಬಾಸಿಂಗವನ್ನು ಕಂಪನಿಯೂ ಕಸಿಯಲಾರದು, ಸರ್ಕಾರವೂ ಕಸಿಯಲಾರದು.

ನಮ್ಮಲ್ಲಿ ಟೋಪಿ ಹಾಕುವುದು ಎಂದರೆ ಮೋಸ ಮಾಡುವುದು. ಹುಡುಗನಿಗೆ ಟೋಪಿ ಬಿದ್ದಿರುವುದು ಹೆಲ್ಮೆಟ್ ಚೆಂದ ಇರುವುದರಿಂದಲ್ಲ, ಅದು ತನ್ನದೆಂದು ಅವನು ನಂಬಿರುವುದರಿಂದ. “ಇದು ಯಾರದೋ ತಮ್ಮಾ?” ಎಂದು ಅವನನ್ನು ಯಾರಾದರೂ ಕೇಳಬೇಕು. ಹಿರಿಯರೇ ಕೇಳಲಿ, ಮೊದಲು ಒಂದು ಐಎಸ್ಐ ಹೆಲ್ಮೆಟ್ ಕೊಂಡು, ಗದ್ದದ ಪಟ್ಟಿ ಬಿಗಿದುಕೊಂಡು.